ವೈರಿ ಇಲ್ಲದ ಕಾಳಗ

ಕಳೆದ ತಿಂಗಳು ನಮ್ಮ ಶಾಲೆಯ ಹುಡುಗಿಯರು ಏಕೀಕರಣದ ಉತ್ಸವಕ್ಕೆಂದು ಬಾಡಿಗೆಗೆ ತಂದ ವೇಷದ ಪೆಟ್ಟಿಗೆಯನ್ನು ತೆರೆದಾಗ ನಾನು ಪಕ್ಕದ ಕೋಣೆಯಲ್ಲಿ ಕುಳಿತು ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಅರದಾಳದ ವಾಸನೆ ಬಂತು. ಪಾತ್ರಧಾರಿಗಳು ಮುಖಕ್ಕೆ ಬಳಿಯುವ ಆ ಹಳದಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನಾನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ, ತೊಳೆಯದೆ ಬಿಟ್ಟ ಹಿತ್ತಾಳೆಯ ಪಾತ್ರೆಯನ್ನು ಬಿಸಿಲಿಗಿಟ್ಟಂತೆ ಎಂದುಕೊಳ್ಳಿ. ಹುಡುಗಿಯರು ನಗುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಅಂಗೈ ನೋಡಿಕೊಂಡೆ. ಬೆವರಿತ್ತು. ಉತ್ಸವದ ವಾಸನೆಗೆ ಅಂಗೈ ಬೆವರುವ ಮಾಸ್ತರಬಾಯಿ ಗದಗಿನಲ್ಲಿ ನಾನೊಬ್ಬಳೇ ಇರಬೇಕು.

ನಾನು ಹೆಚ್ಚು ಮಾತಿನವಳಲ್ಲ. ಆಡಿದಷ್ಟು ಮಾತು ಸರಿಯಾಗಿರಬೇಕೆಂಬ ಹಟವೊಂದು ಮಾತ್ರ ಚಿಕ್ಕಂದಿನಿಂದ ಇದೆ. ಮನೆಯವರು ಯಾರಾದರೂ "ಆಗಲೇ ಹೊತ್ತು ಮುಳುಗಿತು" ಎಂದರೆ, "ಇನ್ನೂ ಮುಳುಗಿಲ್ಲ, ಮುಳುಗುತ್ತಿದೆ" ಎಂದು ತಿದ್ದುತ್ತಿದ್ದೆನಂತೆ. ಇಂಥ ಹುಡುಗಿಯನ್ನು ಹತ್ತಿರ ಕೂಡಿಸಿಕೊಳ್ಳಲು ಯಾರಿಗೂ ಉತ್ಸಾಹವಿರಲಿಲ್ಲ, ಕಳಸಾಪುರದ ನನ್ನ ಸೋದರಮಾವ ಬಸವಂತಪ್ಪನೊಬ್ಬನನ್ನು ಬಿಟ್ಟರೆ. ಅವನಿಗೆ ನನ್ನ ಹಟ ಉಪಯೋಗಕ್ಕೆ ಬರುತ್ತಿತ್ತು. ಮಾವ ದೊಡ್ಡಾಟದ ಮಾಸ್ತರ. ಊರಿನ ಒಕ್ಕಲು ಮಕ್ಕಳೇ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಪುರಾಣದ ಕಾಳಗಗಳನ್ನು ಆಡುವುದು ದೊಡ್ಡಾಟ. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಮಾತು ಮರೆತವರಿಗೆ ಪರದೆಯ ಮರೆಯಿಂದ ಎತ್ತಿಕೊಡಲು ಅಕ್ಷರ ಬಲ್ಲವರೊಬ್ಬರು ಬೇಕು. ಆ ಕೆಲಸ ನನ್ನದಾಗಿತ್ತು.

"ಕಾಲೇಜ ಕಲಿಯೂ ಹುಡುಗಿ ಆಟದ ಮ್ಯಾಳದಾಗ ಕುಂಡ್ರೂದಂದ್ರ ಏನೋ ಬಸವಂತ?" ಎಂದು ಅಜ್ಜಿ ತಕರಾರು ತೆಗೆದಿದ್ದಳು.

"ಆಕಿ ಪರದೇದ ಹಿಂದ ಕುಂಡ್ರತಾಳಬೇ. ಆಕಿ ಧ್ವನಿ ಆಕಿಗೇ ಕೇಳೂದಿಲ್ಲ, ಊರಿಗೆ ಹೆಂಗ ಕೇಳೀತು?" ಎಂದ ಮಾವ. ಅಜ್ಜಿಗೆ ಈ ಉತ್ತರ ಸಮಾಧಾನ ಕೊಟ್ಟಿತು. ನನಗೆ ಅಷ್ಟಾಗಿ ಕೊಡಲಿಲ್ಲ.

ಅದು ಸ್ವಾತಂತ್ರ್ಯ ಇನ್ನೇನು ಬಂತು ಎನ್ನುವ ಬೇಸಿಗೆ. ನಾನು ಧಾರವಾಡದಲ್ಲಿ ಕಾಲೇಜಿನ ಮೊದಲ ವರ್ಷ ಮುಗಿಸಿ, ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗಗಳ ಸದ್ದಿಗೆ ಓದಲಾಗುವುದಿಲ್ಲವೆಂಬ ನೆಪ ಹೇಳಿ ಮಾವನ ಊರಿಗೆ ಬಂದಿದ್ದೆ. ಆ ವರ್ಷ ಮಾವ ಪುರಾಣ ಬಿಟ್ಟು ಮೊನ್ನೆ ಮೊನ್ನೆ ಮುಗಿದ ಮಹಾಯುದ್ಧದ ಆಟ ಕಟ್ಟಲು ಹೊರಟಿದ್ದ. ಊರಿನ ಹಲವು ಮನೆಗಳ ಹುಡುಗರು ದಂಡಿಗೆ ಸೇರಿ ಹೋಗಿದ್ದರು. ಗದಗಿನ ಸಂತೆಗೆ ಬ್ಯಾಂಡು ಬಾರಿಸಿಕೊಂಡು ಬಂದ ಲಾರಿಯಲ್ಲಿ ಹತ್ತಿ ಹೋದವರು ಅವರು. ಕೆಲವರು ಬಂದರು, ಕೆಲವರ ಸುದ್ದಿ ಬಂತು. ಒಬ್ಬನದು ಎರಡೂ ಬರಲಿಲ್ಲ. ಅವನು ಫಕೀರಪ್ಪ. ಅವನೊಡನೆ ಒಂದೇ ಲಾರಿ ಹತ್ತಿದ ಗೆಳೆಯ ಹನಮಪ್ಪ ಮಾತ್ರ ಹಿಂದಿರುಗಿ ಬಂದಿದ್ದ.

ದಂಡಿಗೆ ಹೋಗುವ ಮುಂಚೆ ಹನಮಪ್ಪ ಊರಿನ ಅರ್ಜುನ. ಅವನು ಗೆಜ್ಜೆ ಕಟ್ಟಿ ಕುಣಿದರೆ ಆಟಕ್ಕೆಂದು ಎತ್ತರಿಸಿ ಕಟ್ಟಿದ ಅಟ್ಟದ ಹಲಗೆ ಬದಲಿಸಬೇಕಾಗುತ್ತದೆ ಎಂದು ಬಡಿಗೇರರು ದೂರುತ್ತಿದ್ದರಂತೆ. ಬಂದ ಮೇಲೆ ಅವನು ಹೊಲ ಉತ್ತ, ಬಿತ್ತ, ಮಾತಾಡಲಿಲ್ಲ. ಫಕೀರಪ್ಪನ ಮನೆಯ ಮುಂದಿನ ದಾರಿ ಬಿಟ್ಟು ಹಿತ್ತಲ ಹಾದಿ ಸುತ್ತಿ ಹೊಲಕ್ಕೆ ಹೋಗುತ್ತಿದ್ದ. ಯಾರಾದರೂ ಫಕೀರಪ್ಪನನ್ನು ಕೇಳಿದರೆ, "ಅಂವಂದು ಬ್ಯಾರೆ ತುಕಡಿ ಇತ್ತು" ಎಂದು ನೆಲ ನೋಡುತ್ತಿದ್ದ. ಅದು ಸುಳ್ಳೆಂದು ಊರಿಗೆಲ್ಲ ಗೊತ್ತಿತ್ತು. ಆಟದಲ್ಲಿ ಸಿಪಾಯಿಯ ಪಾತ್ರಕ್ಕೆ ಅವನನ್ನು ಹಾಕುವಂತೆ ಮಾವನನ್ನು ಬೇಡಿಕೊಂಡವಳು ಅವನ ತಾಯಿ. "ಗೆಜ್ಜಿ ಕಟ್ಟಿದ್ರರ ಬಾಯಿ ಬಿಟ್ಟಾನು, ನೋಡ್ರಿ ಮಾಸ್ತರ್ರ" ಎಂದಿದ್ದಳು.

ಮಾವ ಆಟ ಬರೆದದ್ದು ತಾನು ಬಲ್ಲ ರೀತಿಯಲ್ಲಿ. ಒಂದು ಕಡೆ ನಮ್ಮ ವೀರ, ಇನ್ನೊಂದು ಕಡೆ ಜಪಾನಿನ ರಾಜ. ಇಬ್ಬರೂ ಎದುರುಬದುರು ನಿಂತು ತಮ್ಮ ಪರಾಕ್ರಮ ಹೇಳಿಕೊಳ್ಳುವುದು, ಒಬ್ಬರನ್ನೊಬ್ಬರು ಹೀಗಳೆಯುವುದು, ಆಮೇಲೆ ಕತ್ತಿ. ರಾಜನ ಪಾತ್ರ ಕಂಬಾರ ಮೌನೇಶನಿಗೆ ಸಿಕ್ಕಿತ್ತು. ಅವನು ಮೊದಲ ತಾಲೀಮಿನಲ್ಲೇ ಎದ್ದು ನಿಂತ.

"ಜಪಾನ ರಾಜಾಗ ಮೀಸಿ ಇರತಾವೇನ್ರಿ ಮಾಸ್ತರ್ರ?"

"ರಾಜ ಅಂದಮ್ಯಾಲ ಇರಬೇಕಪ."

"ಇರೂದುಲ್ಲಂತ. ಮುಳಗುಂದದಾಗ ಒಬ್ಬಾವ ಹೇಳಿದ."

"ಮುಳಗುಂದದಾವ ಜಪಾನಕ್ಕ ಹೋಗಿ ಹಜಾಮತಿ ಮಾಡಿ ಬಂದಾನೇನಲೇ?"

ಎಲ್ಲರೂ ನನ್ನ ಕಡೆ ತಿರುಗಿದರು. ಪೇಪರು ಓದುವವಳು ನಾನು. ನಾನು ಚಿತ್ರ ನೆನಪಿಸಿಕೊಂಡು, ತೀರ ಗಂಭೀರವಾಗಿ, "ಸಣ್ಣವು ಅದಾವ" ಎಂದೆ. ಆಗ ಅಂಗಳದ ಮೂಲೆಯಲ್ಲಿ ಕುಳಿತಿದ್ದ ಹನಮಪ್ಪ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಕೇಳಲು ಹಿತವಾದ ನಗೆಯಲ್ಲ ಅದು.

"ಅಷ್ಟು ವರ್ಷ ಲಡಾಯಿದಾಗ ಇದ್ದೆ ಮಾಸ್ತರ್ರ. ಒಬ್ಬ ವೈರಿ ಮಾರಿ ನೋಡ್ಲಿಲ್ಲ. ಮೀಸಿ ಎಲ್ಲಿ ನೋಡ್ಲಿ?"

"ಮತ್ತ ಯಾರ ಕೂಡ ಹೊಡದಾಡಿದ್ಯೋ?"

ಹನಮಪ್ಪ ಬೆರಳನ್ನು ಮೇಲಕ್ಕೆ ತೋರಿಸಿದ. "ಇಮಾನ ಬರತಿತ್ತು. ಬಂದು ಹೋದಮ್ಯಾಲ ಯಾರ್ಯಾರು ಉಳದಾರಂತ ನೋಡಕೋತಿದ್ವಿ."

ನಾವೆಲ್ಲ ಮೇಲೆ ನೋಡಿದೆವು. ಒಂದು ಹದ್ದು ಸುತ್ತುತ್ತಿತ್ತು. ಎದುರಾಳಿಯಿಲ್ಲದೆ ಕಾಳಗ ಕಟ್ಟುವುದು ಮಾವನ ಗುರುಗಳೂ ಕಲಿಸಿರದ ವಿದ್ಯೆ. ಕೊನೆಗೆ ರಾಜನ ಪಾತ್ರವನ್ನೇ ತೆಗೆದುಹಾಕಿದ. ಮರದ ಕತ್ತಿಗೆ ಬೇಗಡೆ ಹಚ್ಚಿಕೊಂಡಿದ್ದ ಮೌನೇಶ ಅಳುವ ಮುಖ ಮಾಡಿದ್ದರಿಂದ ಅವನಿಗೆ ವಿಮಾನದ ಪಾತ್ರ ಕೊಟ್ಟರು. ಪರದೆಯ ಹಿಂದೆ ನಗಾರಿ ಬಾರಿಸುವುದೇ ವಿಮಾನ. ಕೆಲವೇ ದಿನಗಳಲ್ಲಿ ಅವನು ಇಮಾನದ ಮೌನೇಶನಾದ. ನನ್ನ ಪಕ್ಕದಲ್ಲೇ ಕುಳಿತು, ಸಿಕ್ಕಸಿಕ್ಕಾಗ ಕೋಲೆತ್ತಿ, "ಈಗ ಬರ್ಲೇನ್ರಿ ಬಾಯಾರ?" ಎಂದು ಕೇಳುತ್ತಿದ್ದ. ಅವನಿಗೆ ನಾನು ಕೊಟ್ಟ ಗುರುತು ಒಂದೇ: ಸಾರಥಿಯ ಪ್ರಶ್ನೆಗಳು ಮುಗಿದು ಹಿಮ್ಮೇಳ ಹಾಡಿ ನಿಲ್ಲಿಸಿದ ಕೂಡಲೇ ಬಾರಿಸಬೇಕು.

ಸಾರಥಿಯ ಪ್ರಶ್ನೆಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದೊಡ್ಡಾಟದಲ್ಲಿ ಪಾತ್ರ ಯಾವುದೇ ಇರಲಿ, ದೇವೇಂದ್ರನೇ ಬರಲಿ, ಅಟ್ಟದ ಮೇಲೆ ಕಾಲಿಟ್ಟ ಕೂಡಲೇ ಸಾರಥಿ ತಡೆದು ಕೇಳುತ್ತಾನೆ: ಬಂದಂಥವರು ಯಾರು, ಇರುವ ಸ್ಥಳ ಯಾವುದು, ಈ ಸಭೆಗೆ ಬಂದ ಕಾರಣವೇನು. ಅವನು ಕೇಳುವುದು ಊರಿನ ಪರವಾಗಿ. ಗಣಪತಿಯ ಮುಂದೆ ಪೂಜೆ ಮಾಡಿ ಗೆಜ್ಜೆ ಕಟ್ಟಿದವನು ಉತ್ತರ ಕೊಡದೆ ಮುಂದಿನ ಹೆಜ್ಜೆ ಇಡಬಾರದು, ಸುಳ್ಳಂತೂ ಹೇಳಲೇಬಾರದು ಎಂಬುದು ಆ ಊರಿನ ಕಟ್ಟು. ಸಾರಥಿ ಕೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಂಡು ತಾಳ ಹಾಕಿ ಹಾಡುತ್ತಾರೆ. ಸಾರಥಿ ಬೇರೆ ಯಾರೂ ಅಲ್ಲ, ನಮ್ಮ ಮಾವನೇ.

ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವಳು ಫಕೀರಪ್ಪನ ಹೆಂಡತಿ ಗಂಗವ್ವ. ನಾನು ಗಂಗಕ್ಕ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಮಾವನ ಪಡಸಾಲೆಗೆ ಬಂದು ಕಂಬಕ್ಕೆ ಆತು ನಿಂತಳು. ಕುಳಿತುಕೊಳ್ಳೆಂದರೆ ಕೂಡಲಿಲ್ಲ. ಅವಳ ಅಣ್ಣ ಮುಂಡರಗಿಯಿಂದ ಬಂದಿದ್ದ. ಅಲ್ಲಿ ಹೆಂಡತಿ ತೀರಿಕೊಂಡ ಒಬ್ಬನೊಡನೆ ಅವಳ ಉಡಿಕೆ ಮಾಡಿಸುವ ಮಾತಾಗಿತ್ತು. ಆ ಜನದಲ್ಲಿ ಗಂಡ ಸತ್ತ ಹೆಣ್ಣುಮಗಳಿಗೆ ಎರಡನೆಯ ಮದುವೆ ನಡೆದುಕೊಂಡು ಬಂದದ್ದೇ. ಕಾರಹುಣ್ಣಿಮೆಯೊಳಗೆ ಅವಳು ಮಾತು ಕೊಡಬೇಕಾಗಿತ್ತು. ಅವಳ ಗಂಡನ ತಂದೆ ಅಡಿವೆಪ್ಪನೂ ಅಡ್ಡಿ ಮಾಡಿರಲಿಲ್ಲ, ಆದರೆ ಮೊದಲು ಮಗನ ದಿನದ ಕರ್ಮ ಮಾಡಿ, ಬಳೆ ಒಡೆದೇ ಕಳಿಸುತ್ತೇನೆ ಎಂದಿದ್ದ.

"ನಾ ಒಲ್ಲೆ ಅನ್ನೂದಿಲ್ರಿ ಮಾಸ್ತರ್ರ," ಎಂದಳು ಗಂಗಕ್ಕ. "ಹೊಕ್ಕೀನಿ ಅಂತನೂ ಹೆಂಗ ಅನ್ಲಿ? ನಾಳಿ ಅವರು ಬಂದು ಬಾಗಲದಾಗ ನಿಂತ್ರ? ಬರೂದಿಲ್ಲಂತ ಗೊತ್ತಿದ್ದೂ ಕುಂತ್ರ ನನ್ನ ಜನ್ಮಾನೂ ಹಂಗ ಹೋತು. ಆ ಹನಮಪ್ಪಗ ಗೊತ್ತೈತಿ. ಮನಿಗೆ ಹೋಗಿ ಕೇಳಿದೆ, ಹೊಲಕ್ಕ ಹೋಗಿ ಕೇಳಿದೆ, ನೆಲಾ ನೋಡ್ತಾನ. ನೀವು ಅಟ್ಟದ ಮ್ಯಾಲ ಕೇಳ್ರಿ."

ಮಾವನ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ಉಳಿಯಿತು. "ಆಟ ಊರಿಂದು ಗಂಗವ್ವ. ಅದರಾಗ ಒಂದು ಮನಿ ದುಃಖ ತರಬಾರದು."

"ದುಃಖ ಎಲ್ಲಿ ತಂದೇನ್ರಿ? ಪ್ರಶ್ನಿ ತಂದೀನಿ."

"ಅವ ಮದಲ ಅರ್ಧ ಆಗಿ ಬಂದಾನ. ಅಲ್ಲೇ ಏನರ ಹೆಚ್ಚುಕಮ್ಮಿ ಆದ್ರ ಅವನ ತಾಯಿಗೆ ನಾ ಏನ್ ಹೇಳ್ಲಿ?"

ಗಂಗಕ್ಕ ನನ್ನ ಕಡೆ ನೋಡಿದಳು. ಓದಿದವಳು, ಏನಾದರೂ ಹೇಳುತ್ತಾಳೆಂದು ಇರಬೇಕು. ನಾನು ಪುಟ ತಿರುವಿದೆ. ಅವಳು ಸೆರಗು ಸರಿಮಾಡಿಕೊಂಡು ಹೋದಳು. ಮಾವ ಆ ದಿನ ತಾಲೀಮು ಮಾಡಿಸಲಿಲ್ಲ.

ಸಾಮಾನ್ಯವಾಗಿ ದೊಡ್ಡಾಟ ಬೆಳಗಿನತನಕ ನಡೆಯುವಂಥದು. ಆ ವರ್ಷ ಸೀಮೆಎಣ್ಣೆ ರೇಶನ್ನಿನ ಮೇಲಿದ್ದುದರಿಂದ ಗ್ಯಾಸಬತ್ತಿ ಹಚ್ಚುವಂತಿರಲಿಲ್ಲ. ಆಟ ಹಗಲಿಗೇ ಇಟ್ಟರು. ಹೊತ್ತು ಇಳಿಯುವ ಮುಂಚೆ ಮುಗಿಯಬೇಕು. ಹಗಲಿನ ಆಟದಲ್ಲಿ ಒಂದು ತೊಂದರೆಯಿದೆ: ದೀಪದ ಬೆಳಕು ಮುಚ್ಚುವುದನ್ನೆಲ್ಲ ಬಿಸಿಲು ತೋರಿಸುತ್ತದೆ. ಅರದಾಳದ ಕೆಳಗೆ ಬೆವರು ಹರಿಯುವುದು ಕಾಣುತ್ತಿತ್ತು. ಹನಮಪ್ಪನ ವೇಷದ ಬಗ್ಗೆ ಆಗಲೇ ಜಗಳವಾಗಿತ್ತು. ಅವನು ತನ್ನ ಖಾಕಿ ಅಂಗಿಯಲ್ಲೇ ಬರುತ್ತೇನೆಂದ, ಮಾವ ಭುಜಕೀರ್ತಿಯಿಲ್ಲದ ವೀರನನ್ನು ಅಟ್ಟ ಹತ್ತಿಸುವುದಿಲ್ಲವೆಂದ. ಕೊನೆಗೆ ಎರಡೂ ಆಯಿತು. ಖಾಕಿಯ ಮೇಲೆ ಕನ್ನಡಿ ಚೂರುಗಳ ಭುಜಕೀರ್ತಿ, ಕಾಲಲ್ಲಿ ಗೆಜ್ಜೆ. ನಿಮಗೆ ನಗು ಬಂದರೆ ತಪ್ಪಲ್ಲ. ಅವನು ಹೊರಗೆ ಬಂದಾಗ ಮಾತ್ರ ಯಾರೂ ನಗಲಿಲ್ಲ.

ಎಡಗಡೆ ಹೆಂಗಸರು ಕುಳಿತಿದ್ದರು. ಗಂಗಕ್ಕ ಮುಂದಿನ ಸಾಲಿನಲ್ಲಿದ್ದಳು, ಅವಳ ಹಿಂದೆ ಹನಮಪ್ಪನ ತಾಯಿ. ನಾನು ಪರದೆಯ ಅಂಚಿನಲ್ಲಿ ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಕುಳಿತಿದ್ದೆ. ಮಾವ ಮೊದಲ ಮೂರು ಪ್ರಶ್ನೆ ಕೇಳಿದ. ಹನಮಪ್ಪ ಬರೆದಿದ್ದ ಹಾಗೆಯೇ ಉತ್ತರಿಸಿದ. ಧ್ವನಿ ಗಟ್ಟಿಯಾಗಿಯೇ ಇತ್ತು. ಇನ್ನು ಮಾವ "ಹಾಗಾದರೆ ಯುದ್ಧಕ್ಕೆ ಸನ್ನದ್ಧರಾಗುವಂಥವರಾಗಿರಿ" ಎನ್ನಬೇಕು. ಅನ್ನಲಿಲ್ಲ. ಹೆಂಗಸರ ಕಡೆ ಒಮ್ಮೆ ನೋಡಿದ. ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡ. ಮಾತು ಮರೆತನೆಂದು ತಿಳಿದು ನಾನು ಎತ್ತಿಕೊಟ್ಟೆ. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಕೊಟ್ಟೆ. ಕೆಲಸದಲ್ಲಿ ನಾನು ಅಷ್ಟು ನಿಷ್ಠೆಯವಳು.

"ನಿಮ್ಮ ಸಂಗಡ ಹೋದಂಥ ಫಕೀರಪ್ಪನು ಎಲ್ಲಿರುವನು?" ಎಂದ ಮಾವ.

ಹೆಂಗಸರ ಸಾಲು ಅಲುಗಾಡಲಿಲ್ಲ. ಗಂಡನ ಹೆಸರನ್ನು ಗಂಗಕ್ಕ ಬಾಯಲ್ಲಿ ಆಡುವಂತಿರಲಿಲ್ಲ, ಊರವರು ಅವಳೆದುರು ಆಡುವುದನ್ನು ಬಿಟ್ಟಿದ್ದರು. ಆ ಹೆಸರು ಈಗ ಬಿಸಿಲಿನಲ್ಲಿ ನಿಂತಿತ್ತು. ಹಿಮ್ಮೇಳದ ಸಿದ್ದಪ್ಪಜ್ಜನಿಗೆ ಕಿವಿ ಮಂದ. ಮಾಸ್ತರ ಹೊಸ ಸಾಲು ಸೇರಿಸಿದ್ದಾನೆಂದು ತಿಳಿದು, ರೂಢಿಯ ಹಾಗೆ ತಾಳ ಎತ್ತಿ, "ಫಕೀರಪ್ಪ ಎಲ್ಲಿರುವನೋ..." ಎಂದು ರಾಗವಾಗಿ ಎತ್ತಿಕೊಂಡ. ಉಳಿದವರು ಜೊತೆಗೂಡಿದರು. ಮದ್ದಳೆ ಬಿತ್ತು. ಎಲ್ಲಿರುವನೋ, ಎಲ್ಲಿರುವನೋ ಎಂದು ಸುತ್ತಿ ಸುತ್ತಿ ಹಾಡಿ ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ, ನಾನೇ ಕೊಟ್ಟ ಗುರುತಿನ ಪ್ರಕಾರ, ಮೌನೇಶ ನಗಾರಿಯ ಮೇಲೆ ಕೋಲಿಳಿಸಿದ.

ಹನಮಪ್ಪ ಬಿದ್ದ. ಹಾಗೆ ಬೀಳುವುದನ್ನು ತಾಲೀಮಿನಲ್ಲಿ ಯಾರೂ ಕಲಿಸಿರಲಿಲ್ಲ. ಹಲಗೆಗೆ ಮುಖ ಒತ್ತಿ, ಎರಡೂ ಕೈ ತಲೆಯ ಮೇಲೆ ಹೊದ್ದು ಮಲಗಿಬಿಟ್ಟ. ಭುಜಕೀರ್ತಿಯ ಕನ್ನಡಿ ಸಿಡಿದು ಚೆಲ್ಲಿತು. ಮಕ್ಕಳು ಚಪ್ಪಾಳೆ ತಟ್ಟಿದವು. ನಾನು ಮೌನೇಶನ ಕೈ ಹಿಡಿದೆ. ಗಂಡಸರ ಕೈಯನ್ನು ನಾನು ಹಿಡಿದವಳಲ್ಲ. ನಗಾರಿ ನಿಂತಿತು. ಮಾವ ಮುಂದೆ ಹೋಗಬೇಕೋ ಬಾರದೋ ತಿಳಿಯದೆ ಒಂದು ಕಾಲು ಎತ್ತಿ ಹಾಗೇ ಇಟ್ಟ. "ಹನಮಾ..." ಎಂದು ಅವನ ತಾಯಿ ಕೂಗಿದ್ದು ಕೇಳಿಸಿತು.

ಅವನು ಮೊಣಕಾಲಿನ ಮೇಲೆ ಎದ್ದ. ಮುಖದ ಬಣ್ಣ ಅರ್ಧ ಹಲಗೆಗೆ ಹತ್ತಿತ್ತು. ಸಾರಥಿಯನ್ನೇ ನೋಡಿ ಹೇಳಿದ, ಆಟದ ಮಾತಿನಲ್ಲಲ್ಲ, ಮನೆಯ ಮಾತಿನಲ್ಲಿ.

"ಫಕೀರ ನನ್ನ ಸಂಗಡನ ಇದ್ದ. ಬರ್ಮಾದಾಗ ಹಿಂದಕ್ಕ ನಡದಿದ್ವಿ. ಕಣ್ಣು ಮುಟ್ಟೂತನ ಬಯಲ, ನಮ್ಮ ಎರಿಹೊಲ ಇದ್ದಂಗ. ಅಡಗಾಕ ಒಂದು ಗಿಡ ಇಲ್ಲ. ಇಮಾನ ಬಂದು ಹೋತು. ಅವನ ತೊಡಿ ಹೋಗಿತ್ತು. ಹೊತಗೊಂಡು ನಡದೆ. ಎಷ್ಟಂತ ನಡೀಲಿ? ನಡ್ಯಾಕ ಬರದವರನ್ನ ಬಿಟ್ಟು ಬರ್ರಿ ಅಂತ ಸಾಹೇಬ ಹುಕುಂ ಮಾಡಿದ. ನನ್ನ ಬಾಟ್ಲ್ಯಾಗಿನ ನೀರು ಅವಗ ಕೊಟ್ಟೆ. ಪೂರಾ ಕೊಡಲಿಲ್ಲ. ಅರ್ಧ ಇಟಗೊಂಡೆ. ಮುಂದ ಹೋಗಿ ತಿರುಗಿ ನೋಡಿದೆ. ಸತ್ತಿರಲಿಲ್ಲ. ಕರೀಲಿಲ್ಲ. ಕುಂತಿದ್ದ."

"ಕುಂತಿದ್ದಾ..." ಎಂದು ಸಿದ್ದಪ್ಪಜ್ಜ ರಾಗ ತೆಗೆದವನು ನಡುವೆಯೇ ನಿಲ್ಲಿಸಿದ. ಅವನಿಗೂ ಈಗ ಕೇಳಿಸಿತ್ತು.

ಗಂಗಕ್ಕ ಎದ್ದು ನಿಂತಳು. ಆಟದ ನಡುವೆ ಹೆಂಗಸರು ಎದ್ದು ಮಾತಾಡುವುದು ಆ ಊರಿನಲ್ಲಿ ಇರಲಿಲ್ಲ. ಅಡಿವೆಪ್ಪ ಗಂಡಸರ ಸಾಲಿನಿಂದ "ಕುಂಡ್ರವಾ" ಎಂದ. ಅವಳು ಕೂಡಲಿಲ್ಲ. ಅವಳು ಶಪಿಸುತ್ತಾಳೆ ಎಂದುಕೊಂಡೆ. ಅಟ್ಟ ಹತ್ತಿ ಅವನ ಕೊರಳಪಟ್ಟಿ ಹಿಡಿಯುತ್ತಾಳೆ ಎಂದುಕೊಂಡೆ. ಹನಮಪ್ಪನೂ ಹಾಗೇ ಅಂದುಕೊಂಡಿರಬೇಕು, ಕತ್ತು ಬಗ್ಗಿಸಿ ಕಾದಿದ್ದ.

"ನೆಳ್ಳಿತ್ತೇನೋ ಹನಮಪ್ಪ, ಅವರು ಕುಂತಲ್ಲಿ?"

ಅವನು ತಲೆ ಎತ್ತಿದ. ಬಹಳ ಹೊತ್ತು ಅವಳನ್ನು ನೋಡಿದ.

"ಇತ್ತಕ್ಕಾ," ಎಂದ. "ನೆಳ್ಳಿತ್ತು."

"ಆತು. ಆಟ ನಡಸ್ರಿ" ಎಂದು ಅವಳು ಕುಳಿತಳು.

ಆಟ ನಡೆಯಲಿಲ್ಲ. ವೀರ ಮಡಿದು ಮೇಲಿನಿಂದ ಹೂಮಳೆಯಾಗುವ ಕೊನೆಯ ಭಾಗವನ್ನು ಬಿಟ್ಟು ಮಾವ ನೇರ ಮಂಗಳ ಹಾಡಿಬಿಟ್ಟ. ಮರುದಿನ ಹನಮಪ್ಪ ಗಂಗಕ್ಕನ ಮನೆಯ ಮುಂದಿನ ದಾರಿಯಿಂದಲೇ ಎತ್ತು ಹೊಡೆದುಕೊಂಡು ಹೋದ. ಅವನು ಪೂರ್ತಿ ನೆಟ್ಟಗಾದನೆಂದು ನಾನು ಹೇಳಲಾರೆ. ಈಗಲೂ ಗುಡುಗಿಗೆ ಗೋಡೆ ಹಿಡಿಯುತ್ತಾನಂತೆ. ಆದರೆ ಮಾತಾಡುತ್ತಾನೆ.

ಅಡಿವೆಪ್ಪ ಮಗನ ದಿನ ಮಾಡಲು ಐಗಳನ್ನು ಕರೆಸಿದಾಗ ಗಂಗಕ್ಕ ತಡೆದಳು. "ಕುಂತಾವರಿಗೆ ಹೆಂಗ ದಿನಾ ಮಾಡ್ತೀರಿ ಮಾವಾರ? ಬರೂದಿಲ್ಲಂತ ತಿಳೀತು, ಸಾಕು. ಬಳಿ ಒಡೀಬ್ಯಾಡ್ರಿ, ನಾ ಹೊಕ್ಕೀನಿ." ಮುಂಡರಗಿಯ ಹಿರಿಯರು ಒಂದಿಷ್ಟು ಗೊಣಗಿದರಂತೆ. ಕೊನೆಗೆ ಹೊಸ ಬಳೆಗಳನ್ನು ಹಳೆಯವುಗಳ ಮೇಲೆಯೇ ಇಡಿಸಿದರಂತೆ.

ನೆರಳಿನ ಆ ಪ್ರಶ್ನೆಯನ್ನು ನಾನು ಧಾರವಾಡದಲ್ಲಿ ಓದುವ ವರ್ಷಗಳಲ್ಲೆಲ್ಲ ಜೊತೆಗಿಟ್ಟುಕೊಂಡಿದ್ದೆ. ನೆಂಟರಿಷ್ಟರಲ್ಲಿ ಯಾರೂ ಸಾಯದ ನನಗೆ, ಹೆಂಡತಿಯ ಪ್ರೀತಿಯೆಂದರೆ ಇದೇ ಇರಬೇಕು, ಗಂಡನ ಕೊನೆಯ ಗಳಿಗೆಗೆ ಒಂದಿಷ್ಟು ನೆರಳು ಕೇಳುವುದು ಎಂದು ಅನ್ನಿಸಿತ್ತು. ದುರಂತವೆಂದರೇನು ಎಂದು ಬರೆಯಬೇಕಾದ ಪರೀಕ್ಷೆಯಲ್ಲೂ ಹೆಸರು ಹೇಳದೆ ಅದನ್ನು ಸೇರಿಸಿ ಒಳ್ಳೆಯ ಅಂಕ ತೆಗೆದುಕೊಂಡೆ.

ಉತ್ಸವದ ದಿನ ಗದಗಿನ ಬಸ್ ನಿಲ್ದಾಣದಲ್ಲಿ ಗಂಗಕ್ಕ ಸಿಕ್ಕಳು. ಮೆರವಣಿಗೆ ನೋಡಲು ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗುವಿನ ಕೈಯಲ್ಲಿ ಕಾಗದದ ಬಾವುಟ. ಮಾವನ ಆರೋಗ್ಯ, ನನ್ನ ನೌಕರಿ, ಮದುವೆಯಾಗಿಲ್ಲವೇಕೆ ಎಂಬುದು, ಎಲ್ಲ ಕೇಳಿದಳು. ಇನ್ನೊಬ್ಬರ ಒಳಗಿನದನ್ನು ನಾನು ಕೇಳುವವಳಲ್ಲ. ಆ ದಿನ ಹೇಗೋ ಬಾಯಿಂದ ಬಂತು. "ಗಂಗಕ್ಕ, ಆವತ್ತು ನೆಳ್ಳಿತ್ತು ಅಂದಾಗ ನಿಂಗ ಸಮಾಧಾನ ಆತಲ್ಲ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ನೆಳ್ಳ ಎಲ್ಲಿತ್ತ ತಂಗಿ? ಅಡಗಾಕ ಒಂದು ಗಿಡ ಇಲ್ಲ ಅಂತ ಅವನ ಹೇಳಿದ್ನಲ್ಲ, ನೀ ಅಲ್ಲೇ ಕುಂತಿದ್ದಿ. ಗಿಡ ಇಲ್ಲದಲ್ಲಿ ನೆಳ್ಳ ಎಲ್ಲಿಂದ ಬರಬೇಕು?"

ನಾನು ಮಗುವಿನ ಬಾವುಟದ ಕಡೆ ನೋಡಿದೆ.

"ಅವ ಮಣಕಾಲ ಮ್ಯಾಲ ಕುಂತಿದ್ದ ನೋಡು. ಹಂಗ ಬಿಟ್ರ ಅಲ್ಲಿಂದ ಏಳತಿದ್ದಿಲ್ಲ. ಹೂಂ ಅನ್ನಾಕ ಏನರ ಒಂದು ಸಿಗಲಿ ಅವಗ ಅಂತ ಕೇಳಿದೆ. ಅಂದ. ಎದ್ದ."

"ಮತ್ತ ನಿಂಗ?"

"ನಂಗೇನು, ಬಿಸಲಾಗ ಕುಂತಾವರು ಸಿಕ್ರು" ಎಂದಳು. ಮುಂಡರಗಿಯ ಬಸ್ಸು ಬಂತು. ಮಗಳನ್ನು ಮೊದಲು ಹತ್ತಿಸಿ, ತಾನು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು: "ನಿಮ್ಮ ಮಾವಗ ಇದನ್ನ ಹೇಳಬ್ಯಾಡವಾ. ಮುಪ್ಪಾಗ್ಯಾರ."

ಹೋದ ಭಾನುವಾರ ಕಳಸಾಪುರಕ್ಕೆ ಹೋಗಿದ್ದೆ. ಮಾವನಿಗೆ ಈಗ ಕಣ್ಣು ಮಂಜು. ಧ್ವನಿಯಿಂದಲೇ ಗುರುತು ಹಿಡಿಯುತ್ತಾನೆ. ಗಂಗಕ್ಕ ಸಿಕ್ಕಿದ್ದಳೆಂದೆ. ಅವನು ಅಂಗೈಯಿಂದ ಮೊಣಕಾಲು ತಿಕ್ಕಿಕೊಳ್ಳುತ್ತ ಹೇಳಿದ: "ನಾ ಆವತ್ತು ಕೇಳಿದ್ದು ತಪ್ಪಾತೋ ಏನೋ ಅಂತ ಒಮ್ಮೊಮ್ಮೆ ಅನಸತೈತಿ. ಅಷ್ಟು ಮಂದ್ಯಾಗ ಆ ಹುಡುಗನ್ನ ನಿಂದರಿಸಿ... ಆದ್ರ ನೆಳ್ಳರ ಇತ್ತಲ್ಲ. ಅದೊಂದು ಆತು ನೋಡು."

"ಹೌದು ಮಾವಾ," ಎಂದೆ. "ನೆಳ್ಳಿತ್ತು."